ಕರೆಂಟಿಲ್ಲದ ದಿನ ಕುಡಿಯುವ ನೀರು

2022ರ ಸೆಪ್ಟೆಂಬರ್ ಮೊದಲ ವಾರ ಬೆಂಗಳೂರಿನ ಪೂರ್ವ ಭಾಗದ ಬಡಾವಣೆಗಳಲ್ಲಿ ಮಳೆನೀರು ಮನೆಯೊಳಗೇ ನಿಂತಿತ್ತು. ಅದೇ ದಿನಗಳಲ್ಲಿ ನಗರದ ಹಲವು ಭಾಗಗಳ ನಲ್ಲಿಗಳಲ್ಲಿ ಒಂದು ಹನಿ ನೀರೂ ಇರಲಿಲ್ಲ. ಮಂಡ್ಯ ಜಿಲ್ಲೆಯ ಟಿ.ಕೆ. ಹಳ್ಳಿಯಲ್ಲಿ ಕಾವೇರಿ ನೀರನ್ನು ಬೆಂಗಳೂರಿಗೆ ಎತ್ತುವ ಪಂಪ್‌ಹೌಸಿಗೆ ಪ್ರವಾಹದ ನೀರು ನುಗ್ಗಿ ಯಂತ್ರಗಳು ನಿಂತಿದ್ದವು. ಬೆಂಗಳೂರು ಕುಡಿಯುವ ಕಾವೇರಿ ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರ ಏರಿ ಬರಬೇಕು. ಆ ಏರಿಕೆಯ ಪ್ರತಿ ಅಡಿಗೂ ವಿದ್ಯುತ್ ಬೇಕು. ಪಂಪು ನಿಂತರೆ ಹೊಳೆ ತುಂಬಿ ಹರಿದರೂ ಊರಿಗೆ ನೀರಿಲ್ಲ.

ದೊಡ್ಡ ನಗರದ ಕಥೆ ಇದು ಎಂದು ಹಳ್ಳಿಯವರು ನಿರಾಳವಾಗಿರುವಂತಿಲ್ಲ. ಊರಾಚೆ ಇರುವ ಬೋರ್‌ವೆಲ್, ಅದರ ಮೋಟರ್, ಓವರ್‌ಹೆಡ್ ಟ್ಯಾಂಕು, ಅಲ್ಲಿಂದ ಬೀದಿ ನಲ್ಲಿ ಎಂಬುದೇ ಇವತ್ತು ನಮ್ಮ ಬಹುತೇಕ ಹಳ್ಳಿಗಳ ವ್ಯವಸ್ಥೆ. ಏಪ್ರಿಲ್, ಮೇ ತಿಂಗಳ ಬಿರುಗಾಳಿಗೆ ಒಂದು ಮರ ತಂತಿಯ ಮೇಲೆ ಬಿದ್ದರೆ ಮೋಟರ್ ನಿಲ್ಲುತ್ತದೆ, ಮರುದಿನಕ್ಕೆ ಟ್ಯಾಂಕು ಬರಿದಾಗುತ್ತದೆ. ಮಲೆನಾಡಿನಲ್ಲಂತೂ ಜುಲೈ, ಆಗಸ್ಟ್ ಮಳೆಗೆ ಕಂಬಗಳು ಸಾಲಾಗಿ ಉರುಳಿದರೆ ಲೈನ್‌ಮನ್‌ಗಳು ಹಗಲಿರುಳು ದುಡಿದರೂ ಒಳಗಿನ ಮನೆಗಳಿಗೆ ಕರೆಂಟ್ ಬರಲು ದಿನಗಟ್ಟಲೆ ಬೇಕು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, ಮರುವರ್ಷ ಅದೇ ತಿಂಗಳು ಬೆಳಗಾವಿ, ಬಾಗಲಕೋಟೆಗಳಲ್ಲಿ ಜನ ಇದನ್ನು ಅನುಭವಿಸಿದ್ದಾರೆ.

ಕರೆಂಟ್ ಹೋದಾಗ ನೀರು ಕಡಿಮೆಯಾಗುವುದಷ್ಟೇ ಅಲ್ಲ, ಕೆಡುತ್ತದೆ ಕೂಡ. ಇದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ನೆಲದೊಳಗಿನ ಪೈಪಿನಲ್ಲಿ ನೀರು ಒತ್ತಡದಿಂದ ಹರಿಯುತ್ತಿರುವಾಗ ಪೈಪಿನ ಬಿರುಕುಗಳಿಂದ ನೀರು ಹೊರಗೆ ಜಿನುಗುತ್ತದೆ. ಪಂಪು ನಿಂತು ಒತ್ತಡ ಇಳಿದಾಗ ಅದೇ ಬಿರುಕುಗಳಿಂದ ಹೊರಗಿನ ಕೊಳೆ ಒಳಗೆ ಸೇರುತ್ತದೆ. ನಮ್ಮ ಊರುಗಳಲ್ಲಿ ಕುಡಿಯುವ ನೀರಿನ ಪೈಪೂ ಚರಂಡಿಯೂ ಅಕ್ಕಪಕ್ಕದಲ್ಲೇ ಸಾಗುವುದರಿಂದ ಒಳಗೆ ಸೇರುವುದು ಏನೆಂದು ಬಿಡಿಸಿ ಹೇಳಬೇಕಿಲ್ಲ. ನೀರು ಮತ್ತೆ ಬಂದ ದಿನ ನಲ್ಲಿ ತಿರುಗಿಸಿ ನೋಡಿ: ಮೊದಲು ಗಾಳಿ ಬುಸುಗುಡುತ್ತದೆ, ಆಮೇಲೆ ಕೆಂಪು ಕಲಕು ನೀರು ಉಗುಳುತ್ತದೆ, ಸ್ವಲ್ಪ ಹೊತ್ತಿಗೆ ತಿಳಿಯಾಗುತ್ತದೆ. ತಿಳಿಯಾದದ್ದು ಕಣ್ಣಿಗೆ ಮಾತ್ರ. ಟೈಫಾಯ್ಡ್, ಕಾಲರಾ, ಆಮಶಂಕೆ, ಕಾಮಾಲೆ ತರುವ ಸೂಕ್ಷ್ಮಜೀವಿಗಳು ಕಣ್ಣಿಗೆ ಕಾಣುವಂಥವಲ್ಲ. ಆ ಮೊದಲ ನೀರನ್ನು ಗಿಡಕ್ಕೋ ಶೌಚಾಲಯಕ್ಕೋ ಬಿಟ್ಟು, ಆಮೇಲಿನದನ್ನು ಹಿಡಿದು, ಒಂದೆರಡು ದಿನವಾದರೂ ಕುದಿಸಿಯೇ ಕುಡಿಯಬೇಕು.

ಆದರೆ ಕುದಿಸುವುದು ಯಾವುದರಲ್ಲಿ? ಇಂಡಕ್ಷನ್ ಒಲೆ, ಎಲೆಕ್ಟ್ರಿಕ್ ಕೆಟಲ್ ಎರಡೂ ಕರೆಂಟಿನವು. ಗೋಡೆಯ ಮೇಲಿನ ಆರ್‌ಒ, ಯುವಿ ಯಂತ್ರವೂ ಕರೆಂಟಿನದೇ. ನೀರು ಹೆಚ್ಚು ಅನುಮಾನಾಸ್ಪದವಾಗುವ ಹೊತ್ತಿನಲ್ಲೇ ಅದನ್ನು ಶುದ್ಧ ಮಾಡುವ ಸಾಧನಗಳೆಲ್ಲ ಒಟ್ಟಿಗೆ ನಿಲ್ಲುತ್ತವೆ. ಹಾಗಾಗಿ ನಾನು ಹೇಳಬೇಕಾದದ್ದು ಇಷ್ಟೇ: ಪ್ರತಿ ಮನೆಯಲ್ಲೂ ಕರೆಂಟಿನ ಹಂಗಿಲ್ಲದೆ ನೀರು ಕುದಿಸುವ ಒಂದು ದಾರಿ, ಕುದಿಸಲೂ ಆಗದಿದ್ದರೆ ನೀರನ್ನು ಶುದ್ಧಗೊಳಿಸುವ ಇನ್ನೊಂದು ದಾರಿ ಇರಬೇಕು. ಎರಡನ್ನೂ ಕಷ್ಟ ಬರುವ ಮೊದಲೇ ಒಮ್ಮೆ ಮಾಡಿ ನೋಡಿರಬೇಕು.

ಇನ್ವರ್ಟರ್ ಇದೆಯಲ್ಲ ಎನ್ನುವವರಿಗೆ ಒಂದು ಲೆಕ್ಕ. ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು 900 ವಿಎ ಆಸುಪಾಸಿನ ಇನ್ವರ್ಟರ್. ಅದು ಹೊರಬಲ್ಲದ್ದು ಹೆಚ್ಚೆಂದರೆ 700 ವಾಟ್ ಚಿಲ್ಲರೆ. ಕೆಟಲ್ ಕೇಳುವುದು 1500 ವಾಟ್. ಸ್ವಿಚ್ ಹಾಕಿದ ಕ್ಷಣಕ್ಕೆ ಇನ್ವರ್ಟರ್ ಕೂಗಿಕೊಂಡು ಟ್ರಿಪ್ ಆಗುತ್ತದೆ. ದೊಡ್ಡ ಇನ್ವರ್ಟರ್ ಇದ್ದರೂ, ಒಂದು ಲೀಟರ್ ನೀರು ಕುದಿಯಲು ಸುಮಾರು 0.1 ಯೂನಿಟ್ ವಿದ್ಯುತ್ ಬೇಕು. 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ತುಂಬಾ ತುಂಬಿದ್ದರೂ ಇರುವುದು 1.8 ಯೂನಿಟ್. ನಾಲ್ಕು ಜನರ ಒಂದು ದಿನದ ಕುಡಿಯುವ ನೀರಿಗೇ ಅದರ ಮೂರರಲ್ಲಿ ಎರಡು ಪಾಲು ಮುಗಿದು ಹೋಗುತ್ತದೆ, ರಾತ್ರಿಗೆ ದೀಪವಿಲ್ಲ. ಆರ್‌ಒ ಯಂತ್ರದ ವಿಷಯ ಬೇರೆ. ಅದಕ್ಕೆ ಬೇಕಾಗುವುದು ಒಂದು ಹಳೆಯ ಬಲ್ಬಿನಷ್ಟು ವಿದ್ಯುತ್ ಮಾತ್ರ. ಅಡುಗೆಮನೆಯ ಆ ಒಂದು ಪ್ಲಗ್ಗನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಇನ್ವರ್ಟರ್ ಲೈನಿಗೆ ಸೇರಿಸಿಕೊಂಡರೆ, ಮೇಲಿನ ಟ್ಯಾಂಕಿನಲ್ಲಿ ನೀರು, ಬ್ಯಾಟರಿಯಲ್ಲಿ ಚಾರ್ಜ್ ಇರುವಷ್ಟು ಹೊತ್ತು ಯಂತ್ರ ನಡೆಯುತ್ತದೆ.

ಕುದಿಸಲು ನಂಬಬೇಕಾದದ್ದು ಗ್ಯಾಸ್ ಒಲೆಯನ್ನೇ. ಇಲ್ಲಿ ಲೆಕ್ಕ ನಮ್ಮ ಕಡೆಗಿದೆ. ಮುಚ್ಚಿದ ಪಾತ್ರೆಯಲ್ಲಿ ಒಂದು ಲೀಟರ್ ನೀರು ಕುದಿ ಬರಲು ಸುಮಾರು 12 ಗ್ರಾಂ ಗ್ಯಾಸ್ ಸಾಕು. ತಲೆಗೆ ಮೂರು ಲೀಟರಿನಂತೆ ನಾಲ್ಕು ಜನರಿಗೆ ಮೂರು ದಿನಕ್ಕೆ ಬೇಕಾಗುವುದು 36 ಲೀಟರ್, ಅದಕ್ಕೆ ಅರ್ಧ ಕಿಲೋದಷ್ಟೂ ಗ್ಯಾಸ್ ಬೇಡ. 14.2 ಕಿಲೋ ಸಿಲಿಂಡರಿನಲ್ಲಿ ಅದೆಷ್ಟರದು? ಗ್ಯಾಸ್ ಮುಗಿದೀತು ಎಂದು ಕುದಿಸುವುದನ್ನು ಬಿಡಬೇಕಾಗಿಲ್ಲ. ಖಾಲಿ ಸಿಲಿಂಡರನ್ನು ಮನೆಯಲ್ಲಿ ಇಟ್ಟುಕೊಳ್ಳದೆ ಕೂಡಲೇ ಬುಕ್ ಮಾಡುವ ಅಭ್ಯಾಸವೊಂದಿದ್ದರೆ ಆಯಿತು. ಒಲೆ ತಾನಾಗಿ ಹೊತ್ತಿಕೊಳ್ಳುವ ಮಾದರಿಯದಾದರೂ ಒಂದು ಲೈಟರ್, ಒಂದು ಬೆಂಕಿಪೊಟ್ಟಣ ಕೈಗೆ ಸಿಗುವ ಜಾಗದಲ್ಲಿರಲಿ. ಮಳೆಗಾಲದಲ್ಲಿ ಬೆಂಕಿಪೊಟ್ಟಣವನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಡಿ. ತಂಪು ಹಿಡಿದ ಕಡ್ಡಿ ಬೇಕಾದಾಗ ಹೊತ್ತುವುದಿಲ್ಲ.

ಎಷ್ಟು ಹೊತ್ತು ಕುದಿಸಬೇಕು ಎಂಬ ಬಗ್ಗೆ ಗೊಂದಲ ಬಹಳ. ಹತ್ತು ನಿಮಿಷ ಎನ್ನುವವರಿದ್ದಾರೆ, ಇಪ್ಪತ್ತು ನಿಮಿಷ ಎನ್ನುವವರಿದ್ದಾರೆ. ಅಷ್ಟು ಬೇಕಿಲ್ಲ. ಒಲೆಯ ಮೇಲಿನ ಪಾತ್ರೆಯನ್ನು ಗಮನವಿಟ್ಟು ನೋಡಿ. ಮೊದಲು ತಳದಲ್ಲಿ ಸಣ್ಣ ಸಣ್ಣ ಗುಳ್ಳೆಗಳು ಅಂಟಿಕೊಳ್ಳುತ್ತವೆ, ಅದು ನೀರಿನಲ್ಲಿ ಕರಗಿದ್ದ ಗಾಳಿ ಹೊರಬರುತ್ತಿರುವುದು, ಕುದಿಯಲ್ಲ. ಆಮೇಲೆ ಪಾತ್ರೆ ಸುಂಯ್ ಎಂದು ಸದ್ದು ಮಾಡತೊಡಗುತ್ತದೆ, ಹಬೆ ಏಳುತ್ತದೆ. ಅದೂ ಕುದಿಯಲ್ಲ. ತಳದಿಂದ ದೊಡ್ಡ ಗುಳ್ಳೆಗಳು ಎದ್ದು, ಸೌಟು ಹಾಕಿ ತಿರುವಿದರೂ ನಿಲ್ಲದೆ, ನೀರಿನ ಮೈಯೆಲ್ಲ ಕೊತಕೊತ ಉರುಳಾಡಬೇಕು. ಅಲ್ಲಿಂದ ಒಂದು ನಿಮಿಷ ಸಾಕು. ಸಮುದ್ರಮಟ್ಟದಿಂದ 2,000 ಮೀಟರಿಗಿಂತ ಎತ್ತರದ ಊರುಗಳಲ್ಲಿ ಮೂರು ನಿಮಿಷ.

ಎತ್ತರದ ಮಾತು ಯಾಕೆಂದರೆ, ಮೇಲೇರಿದಂತೆ ಗಾಳಿಯ ಒತ್ತಡ ತಗ್ಗಿ ನೀರು ಕಡಿಮೆ ಶಾಖದಲ್ಲೇ ಕುದಿಯುತ್ತದೆ. ಪ್ರತಿ 300 ಮೀಟರಿಗೆ ಸುಮಾರು ಒಂದು ಡಿಗ್ರಿ ಇಳಿಕೆ. ಮಂಗಳೂರಿನಲ್ಲಿ 100 ಡಿಗ್ರಿಗೆ ಕುದಿಯುವ ನೀರು ಬೆಂಗಳೂರಿನಲ್ಲಿ 97ಕ್ಕೆ, ಮಡಿಕೇರಿಯಲ್ಲಿ 96ಕ್ಕೆ ಕುದಿಯುತ್ತದೆ. ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿಯೇ 1,930 ಮೀಟರ್ ಆಸುಪಾಸು. ಅಂದರೆ ಕರ್ನಾಟಕದ ಯಾವ ಮನೆಗೂ ಒಂದು ನಿಮಿಷದ ನಿಯಮ ಸಾಕು. ಊಟಿಯಲ್ಲಿರುವ ನೆಂಟರಿಗೆ ಮಾತ್ರ ಮೂರು ನಿಮಿಷ ಎಂದು ಹೇಳಿ. ಕಾಮಾಲೆ ತರುವ ಹೆಪಟೈಟಿಸ್ ‘ಎ’ ವೈರಸ್ ಶಾಖಕ್ಕೆ ಬೇಗ ಸೋಲುವುದಿಲ್ಲ. ಅದೂ 85 ಡಿಗ್ರಿಯಲ್ಲಿ ಒಂದು ನಿಮಿಷಕ್ಕೆ ನಿಷ್ಕ್ರಿಯವಾಗುತ್ತದೆ. ಉಳಿದವು ಅದಕ್ಕೂ ಮೊದಲೇ ಸಾಯುತ್ತವೆ. ಶಾಖ ಅಳೆಯುವ ಸಾಧನ ನಮ್ಮ ಅಡುಗೆಮನೆಗಳಲ್ಲಿ ಇಲ್ಲದ್ದರಿಂದ, ಕಣ್ಣಿಗೆ ಕಾಣುವ ಆ ಪೂರ್ತಿ ಕುದಿಯನ್ನೇ ಗುರುತಾಗಿ ಇಟ್ಟುಕೊಂಡಿರುವುದು. ಜೀರಿಗೆಯೋ ಲಾವಂಚವೋ ಹಾಕಿ ಬಣ್ಣ ಬಂದ ಮಾತ್ರಕ್ಕೆ ನೀರು ಕುದಿದಿದೆ ಎಂದುಕೊಳ್ಳಬೇಡಿ, ಉಗುರುಬೆಚ್ಚಗಿನ ನೀರೂ ಬಣ್ಣ ಬಿಡಿಸುತ್ತದೆ.

ಕುದಿಸಿದ ಮೇಲಿನ ಕೆಲಸದಲ್ಲೇ ನಾವು ಹೆಚ್ಚಾಗಿ ಎಡವುವುದು. ಕ್ಲೋರಿನ್ ಹಾಕಿದ ನೀರಿನಲ್ಲಿ ಸ್ವಲ್ಪ ಕ್ಲೋರಿನ್ ಉಳಿದು ಕಾವಲು ಕಾಯುತ್ತದೆ. ಕುದಿಸಿದ ನೀರಿಗೆ ಅಂಥ ಕಾವಲಿಲ್ಲ. ಆರಿದ ನೀರಿಗೆ ಯಾರೋ ಲೋಟದ ಜತೆ ಬೆರಳನ್ನೂ ಅದ್ದಿದರೆ, ಬೇರೆ ಕೊಡಕ್ಕೆ ಸೋಸುವಾಗ ಒದ್ದೆ ಬಟ್ಟೆ ಬಳಸಿದರೆ, ಕುದಿಸಿದ್ದೆಲ್ಲ ವ್ಯರ್ಥ. ಮೊದಲು ಸೋಸಿ, ಆಮೇಲೆ ಕುದಿಸಿ, ಕುದಿಸಿದ ಪಾತ್ರೆಯಲ್ಲೇ ಮುಚ್ಚಿಟ್ಟು ಆರಲು ಬಿಡಿ. ಕುಡಿಯಲು ನಲ್ಲಿ ಇರುವ ಡ್ರಮ್ಮು ಅಥವಾ ಉದ್ದ ಹಿಡಿಯ ಸೌಟು ಬಳಸಿ. ಕುದಿಸಿ ಆರಿಸಿದ ನೀರು ಸಪ್ಪೆ ಎನಿಸಿದರೆ ಎರಡು ಶುಚಿಯಾದ ಪಾತ್ರೆಗಳ ನಡುವೆ ಎತ್ತಿ ಹೊಯ್ದರೆ ಗಾಳಿ ಸೇರಿ ರುಚಿ ಮರಳುತ್ತದೆ. ತಾಮ್ರದ ಬಿಂದಿಗೆ ಇದ್ದವರು ಆರಿದ ನೀರನ್ನು ಅದರಲ್ಲಿಡಬಹುದು. ಹದಿನಾರು ಗಂಟೆ ತಾಮ್ರದ ಪಾತ್ರೆಯಲ್ಲಿದ್ದ ನೀರಿನಲ್ಲಿ ಭೇದಿ ತರುವ ಬ್ಯಾಕ್ಟೀರಿಯಾ ಸಾಯುತ್ತವೆ ಎಂದು 2012ರಲ್ಲಿ ಪ್ರಕಟವಾದ ಬೆಂಗಳೂರಿನ ಸಂಶೋಧನೆಯೊಂದು ತೋರಿಸಿದೆ. ಆದರೆ ಅದನ್ನು ಕುದಿಸುವುದರ ಬದಲಿಗೆ ಎಂದು ಹಿಡಿಯಬಾರದು, ಕುದಿಸಿದ್ದನ್ನು ಕಾಪಾಡುವ ಕ್ರಮ ಎಂದಷ್ಟೇ ನೋಡಬೇಕು.

ಕುದಿತಕ್ಕೆ ಆಗದ ಕೆಲಸವೂ ಒಂದಿದೆ. ಕೋಲಾರ, ಚಿಕ್ಕಬಳ್ಳಾಪುರ, ಚಿತ್ರದುರ್ಗ, ತುಮಕೂರು ಜಿಲ್ಲೆಯ ಪಾವಗಡದ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇದೆ. ಕುದಿಸಿದರೆ ನೀರು ಆವಿಯಾಗುತ್ತದೆ, ಫ್ಲೋರೈಡ್ ಅಲ್ಲೇ ಉಳಿಯುತ್ತದೆ. ನೈಟ್ರೇಟ್, ಕೀಟನಾಶಕಗಳ ವಿಷಯದಲ್ಲೂ ಕುದಿಸುವುದನ್ನು ನಂಬುವಂತಿಲ್ಲ. ಇಂಥ ಊರುಗಳ ಆಸರೆಯಾಗಿರುವ ಶುದ್ಧ ಕುಡಿಯುವ ನೀರಿನ ಘಟಕಗಳು ಕರೆಂಟ್ ಹೋದರೆ ನಿಲ್ಲುತ್ತವೆ. ಅಲ್ಲಿಯ ಮನೆಗಳವರು ಘಟಕದ ನೀರಿನ ಎರಡು ಕ್ಯಾನನ್ನು ಸದಾ ತುಂಬಿಸಿಟ್ಟಿರಬೇಕು. ಅದೂ ಮುಗಿದು, ಬೋರ್‌ವೆಲ್ ನೀರೊಂದೇ ಗತಿ ಎಂದಾದರೆ ಹೆದರದೆ ಕುದಿಸಿ ಕುಡಿಯಿರಿ. ಫ್ಲೋರೈಡ್ ಹಲ್ಲು, ಮೂಳೆಗೆ ಕೆಡುಕು ಮಾಡುವುದು ವರ್ಷಗಟ್ಟಲೆ ಕುಡಿದಾಗ. ರೋಗಾಣು ಮಗುವನ್ನು ಒಂದೆರಡು ದಿನದಲ್ಲೇ ಹಾಸಿಗೆ ಹಿಡಿಸುತ್ತದೆ.

ಈಗ ಎರಡನೆಯ ದಾರಿ. ಒಲೆ ಹೊತ್ತಿಸಲಾಗದ ಪರಿಸ್ಥಿತಿಯೂ ಬರಬಹುದು: ಮನೆಗೆ ನೀರು ನುಗ್ಗಿರಬಹುದು, ಗ್ಯಾಸ್ ತೀರಿರಬಹುದು. ಅದಕ್ಕೆಂದು ಕ್ಲೋರಿನ್ ಮಾತ್ರೆಗಳ ಒಂದು ಪಟ್ಟಿ ಮನೆಯಲ್ಲಿರಲಿ. ಔಷಧಿ ಅಂಗಡಿಯಲ್ಲಿ ಕೇಳಿ, ಪ್ರವಾಹದ ಸಮಯದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಆಶಾ ಕಾರ್ಯಕರ್ತೆಯರ ಬಳಿ ವಿಚಾರಿಸಿ. ಮಾತ್ರೆಗಳ ಪ್ರಮಾಣ ಬೇರೆ ಬೇರೆ ಇರುತ್ತದೆ. ಎಷ್ಟು ಲೀಟರಿಗೆ ಒಂದು ಎಂಬುದನ್ನು ಪಟ್ಟಿಯ ಮೇಲೆ ಓದಿ, ಮಾತ್ರೆ ಕರಗಿಸಿ, ಕನಿಷ್ಠ ಅರ್ಧ ಗಂಟೆ ಕಾದು ಕುಡಿಯಬೇಕು. ಕ್ಲೋರಿನ್ ಕಲಕು ನೀರಿನಲ್ಲಿ ಸರಿಯಾಗಿ ಕೆಲಸ ಮಾಡುವುದಿಲ್ಲ, ಅದರ ಶಕ್ತಿಯೆಲ್ಲ ಕೆಸರಿನ ಮೇಲೆಯೇ ವ್ಯಯವಾಗುತ್ತದೆ. ಮೊದಲು ನೀರು ತಿಳಿಯಾಗಲು ಬಿಟ್ಟು, ಮೇಲಿನದನ್ನು ಬಸಿದು, ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಿಕೊಳ್ಳಬೇಕು.

ಈ ಬಟ್ಟೆಯ ಮಾತನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಅಮೆರಿಕದ ವಿಜ್ಞಾನಿ ರೀಟಾ ಕೋಲ್‌ವೆಲ್ ಮತ್ತು ಸಂಗಡಿಗರು ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಹತ್ತಿ ಸೀರೆಯನ್ನು ಮಡಿಸಿ ಕೊಡದ ಬಾಯಿಗೆ ಕಟ್ಟಿ ನೀರು ಸೋಸುವುದನ್ನು ಹೆಂಗಸರಿಗೆ ಹೇಳಿಕೊಟ್ಟರು. ಕಾಲರಾ ಪ್ರಕರಣಗಳು ಶೇ 48ರಷ್ಟು ಇಳಿದವು ಎಂದು 2003ರಲ್ಲಿ ಅವರು ಪ್ರಕಟಿಸಿದರು. ಕಾಲರಾದ ಬ್ಯಾಕ್ಟೀರಿಯಾ ನೀರಿನಲ್ಲಿ ತೇಲುವ ಸೂಕ್ಷ್ಮ ಪ್ರಾಣಿಗಳಿಗೆ ಅಂಟಿಕೊಂಡಿರುತ್ತದೆ, ಬಟ್ಟೆ ಅವನ್ನು ತಡೆಯುತ್ತದೆ. ಒಗೆದೊಗೆದು ಮೆತ್ತಗಾದ ಹಳೆಯ ಸೀರೆಯ ಎಳೆ ಉಬ್ಬಿ ಸಂದು ಕಿರಿದಾಗಿರುವುದರಿಂದ ಹೊಸತಿಗಿಂತ ಅದೇ ಮೇಲು. ಸೋಸಿದ ಮೇಲೆ ಬಟ್ಟೆಯನ್ನು ತೊಳೆದು ಬಿಸಿಲಿಗೆ ಹಾಕಬೇಕು. ಸೋಸುವುದು ಮೊದಲ ಹೆಜ್ಜೆ ಮಾತ್ರ, ಅದಾದ ಮೇಲೆ ಕುದಿಸಲೇಬೇಕು ಇಲ್ಲವೇ ಕ್ಲೋರಿನ್ ಹಾಕಲೇಬೇಕು.

ಬೇಸಿಗೆಯ ಕರೆಂಟ್ ಕಡಿತಕ್ಕೆ ಇನ್ನೊಂದು ಉಪಾಯವಿದೆ. ಗೀರುಗಳಿಲ್ಲದ, ಬಣ್ಣವಿಲ್ಲದ ಪ್ಲಾಸ್ಟಿಕ್ ಬಾಟಲಿಗೆ ತಿಳಿನೀರು ತುಂಬಿ, ತಾರಸಿಯಲ್ಲಿ ಅಡ್ಡ ಮಲಗಿಸಿ ಆರು ಗಂಟೆ ಸುಡು ಬಿಸಿಲಿಗೆ ಇಟ್ಟರೆ ಸೂರ್ಯನ ಅತಿನೇರಳೆ ಕಿರಣಗಳೇ ರೋಗಾಣುಗಳನ್ನು ಕೊಲ್ಲುತ್ತವೆ. ಮೋಡವಿದ್ದರೆ ಎರಡು ದಿನ ಬೇಕು. ಬಿಡದೆ ಮಳೆ ಹಿಡಿದಾಗ ಇದು ನಡೆಯದು.

ಪ್ರವಾಹದ ನೀರು ಸಂಪಿಗೆ ಇಳಿದಿದ್ದರೆ ಆ ನೀರನ್ನು ಪೂರ್ತಿ ಹೊರಹಾಕಿ, ಒಳಗೋಡೆ ತಿಕ್ಕಿ ತೊಳೆದು, ಹೊಸ ನೀರು ತುಂಬಿದ ಮೇಲೆ ಬ್ಲೀಚಿಂಗ್ ಪೌಡರ್ ಹಾಕಬೇಕು. ತಿಳಿನೀರಿಗಾದರೆ ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ. ಪುಡಿಯನ್ನು ನೇರವಾಗಿ ಸುರಿಯದೆ ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿಯನ್ನು ಮಾತ್ರ ಹಾಕಿ, ಒಂದು ಗಂಟೆ ಬಿಡಿ. ಬಾವಿಗಳಿಗೆ ಎಷ್ಟು ಎಂಬುದನ್ನು ಆರೋಗ್ಯ ಸಿಬ್ಬಂದಿ ಅಳೆದು ಹೇಳುತ್ತಾರೆ, ಅವರನ್ನೇ ಕೇಳಿ. ಬಾವಿಯ ಮಾತು ಬಂದಾಗ ಇದನ್ನೂ ಹೇಳಬೇಕು: ಮೋಟರ್ ಕೂರಿಸಿದ ಮೇಲೆ ಎಷ್ಟೋ ಮನೆಗಳವರು ರಾಟೆಯನ್ನೂ ಹಗ್ಗವನ್ನೂ ತೆಗೆದುಹಾಕಿದ್ದಾರೆ. ತುಂಬಿದ ಬಾವಿ ಅಂಗಳದಲ್ಲಿದ್ದರೂ ಕರೆಂಟಿಲ್ಲದ ದಿನ ಒಂದು ಕೊಡ ನೀರು ಸೇದಲಾಗದ ಸ್ಥಿತಿ ಅದು. ರಾಟೆ, ಗಟ್ಟಿ ಹಗ್ಗ, ಒಂದು ಕೊಡ ಮತ್ತೆ ಜಾಗಕ್ಕೆ ಬರಲಿ.

ಮಲೆನಾಡು, ಕರಾವಳಿಯ ಮನೆಗಳಲ್ಲಿ ಮುಂಗಾರಿಗೆ ಮೊದಲು ಒಣಸೌದೆ ಕೂಡಿಹಾಕುವುದು, ಹಪ್ಪಳ ಸಂಡಿಗೆ ಒಣಗಿಸುವುದು, ದನಕ್ಕೆ ಹುಲ್ಲು ಅಟ್ಟಕ್ಕೇರಿಸುವುದು ವರ್ಷದ ಕ್ರಮ. ಬಚ್ಚಲೊಲೆಯ ಹಂಡೆ ಇರುವ ಮನೆಗೆ ಕರೆಂಟಿಲ್ಲದ ವಾರವೂ ಬಿಸಿನೀರಿಗೆ ಬರವಿಲ್ಲ. ಈ ಮುಂದಾಲೋಚನೆಯನ್ನು ಪೇಟೆಯ ಮನೆಗಳೂ ತಮ್ಮ ಅಳತೆಗೆ ಹೊಂದಿಸಿಕೊಳ್ಳಬೇಕು.

ಬೆಂಕಿಯ ವಿಷಯದಲ್ಲಿ ಎಚ್ಚರವೂ ಅಷ್ಟೇ ಮುಖ್ಯ. ಇದ್ದಿಲ ಅಗ್ಗಿಷ್ಟಿಕೆಯನ್ನು ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಯಾವ ಕಾರಣಕ್ಕೂ ಹೊತ್ತಿಸಬೇಡಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆನೋವು, ಮಂಪರು ಎಂದು ಮಲಗಿದವರು ಏಳುವುದೇ ಇಲ್ಲ. ಜನರೇಟರ್ ಮನೆಯ ಹೊರಗೇ ಇರಬೇಕು, ಕಿಟಕಿಯಿಂದ ದೂರ. ನೀರನ್ನು ಆದಷ್ಟು ಹಗಲಿನಲ್ಲೇ ಕುದಿಸಿ. ಪಾತ್ರೆಯನ್ನು ಮುಕ್ಕಾಲು ಮಾತ್ರ ತುಂಬಿ. ಕತ್ತಲಲ್ಲಿ ಕುದಿನೀರಿನ ಪಾತ್ರೆ ಹೊತ್ತು ಓಡಾಡಬೇಡಿ, ಒಲೆಯ ಮೇಲೇ ಆರಲಿ. ಮನೆಗೆ ನೆರೆ ಬರುವ ಸೂಚನೆ ಇದ್ದರೆ ಸಿಲಿಂಡರಿನ ರೆಗ್ಯುಲೇಟರ್ ಮುಚ್ಚಿ, ಮೇನ್ ಸ್ವಿಚ್ ಆರಿಸಿ. ನೀರಲ್ಲಿ ನಿಂತು ಯಾವ ಸ್ವಿಚ್ಚನ್ನೂ ಮುಟ್ಟಬೇಡಿ.

ಮೂರು ದಿನ ನಿಭಾಯಿಸಲು ನಾಲ್ಕು ಜನರ ಮನೆಗೆ ಬೇಕಾದದ್ದನ್ನು ಕೂಡಿಸಿದರೆ ದೊಡ್ಡ ಖರ್ಚೇನಲ್ಲ: 20 ಲೀಟರಿನ ಎರಡು ಕ್ಯಾನ್ ಕುಡಿಯುವ ನೀರು, ತೊಳೆಯಲು ಬಳಸಲು ಒಂದು ಮುಚ್ಚಳದ ಡ್ರಮ್ಮು, ಅರ್ಧವಾದರೂ ಇರುವ ಸಿಲಿಂಡರ್, ಲೈಟರ್, ಕ್ಲೋರಿನ್ ಮಾತ್ರೆ, ಸೋಸುವ ಬಟ್ಟೆ, ಫ್ಲಾಸ್ಕ್, ಟಾರ್ಚು ಮತ್ತು ಸೆಲ್ಲು, ಪವರ್ ಬ್ಯಾಂಕು, ದಿನನಿತ್ಯದ ಔಷಧಿ, ನಾಲ್ಕಾರು ಓಆರ್‌ಎಸ್ ಪೊಟ್ಟಣ. ಓಆರ್‌ಎಸ್ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಉಪ್ಪು ಹೆಚ್ಚಾಗಬಾರದು. ಫ್ರಿಜ್ಜಿನ ಬಾಗಿಲು ತೆರೆಯದಿದ್ದರೆ ಸುಮಾರು ನಾಲ್ಕು ಗಂಟೆ ತಂಪು ಉಳಿಯುತ್ತದೆ. ಇನ್ಸುಲಿನ್ ಇರುವವರು ಅದನ್ನು ಒದ್ದೆ ಮಣ್ಣಿನ ಮಡಕೆಯೊಳಗೆ, ನೀರು ತಾಗದ ಡಬ್ಬಿಯಲ್ಲಿಟ್ಟು ನೆರಳಿನಲ್ಲಿಡಬಹುದು. ಈ ನಂಬರುಗಳನ್ನು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ, ಮೊಬೈಲ್ ಸತ್ತಾಗ ಅದರೊಳಗಿನ ಪಟ್ಟಿ ಉಪಯೋಗಕ್ಕೆ ಬಾರದು: ವಿದ್ಯುತ್ ದೂರಿಗೆ 1912, ಗ್ಯಾಸ್ ಸೋರಿಕೆಗೆ 1906, ಆಂಬುಲೆನ್ಸಿಗೆ 108, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ 1077, ಎಲ್ಲ ತುರ್ತಿಗೆ 112.

ಇಷ್ಟನ್ನೂ ಓದಿ ಪತ್ರಿಕೆ ಮಡಿಸಿಟ್ಟರೆ ಪ್ರಯೋಜನವಿಲ್ಲ. ಈ ಭಾನುವಾರ ಬೆಳಿಗ್ಗೆ ಎರಡು ಗಂಟೆ ಹೊತ್ತು ಇನ್ವರ್ಟರನ್ನೂ ಸೇರಿಸಿ ಮನೆಯ ಕರೆಂಟ್ ಆರಿಸಿ. ನೀರು ಎಲ್ಲಿಂದ ತರುತ್ತೀರಿ, ಯಾವುದರಲ್ಲಿ ಕುದಿಸುತ್ತೀರಿ, ಎಲ್ಲಿ ತುಂಬಿಡುತ್ತೀರಿ ಎಂಬುದನ್ನು ಮನೆಯವರೆಲ್ಲ ಸೇರಿ ಮಾಡಿ ನೋಡಿ. ಮಕ್ಕಳಿಗೂ ಕೆಲಸ ಹಂಚಿ. ಏನು ಇಲ್ಲ ಎಂಬುದು ಆ ಎರಡು ಗಂಟೆಯಲ್ಲೇ ತಿಳಿಯುತ್ತದೆ, ಸಂಜೆಯೊಳಗೆ ಅದನ್ನು ತಂದಿಡಿ. ಪಕ್ಕದ ಮನೆಯಲ್ಲಿ ಒಂಟಿಯಾಗಿರುವ ಅಜ್ಜಿಯೋ, ಹಸುಗೂಸಿನ ತಾಯಿಯೋ ಇದ್ದರೆ ಅವರ ಮನೆಗೂ ಒಂದು ಕ್ಯಾನ್ ನೀರು, ಒಂದು ಪಟ್ಟಿ ಮಾತ್ರೆ ತಲುಪಿಸಿ. ಮಳೆ, ಗಾಳಿ ನಮ್ಮ ಕೈಯಲ್ಲಿಲ್ಲ. ಮನೆಯವರಿಗೆ ಕೊಡುವ ನೀರು ಶುದ್ಧವಾಗಿರಬೇಕಾದದ್ದು ಮಾತ್ರ ನಮ್ಮದೇ ಹೊಣೆ.